ನಾಲ್ಕು ಗಂಟೆಯ ಹಾಡಿಕೆ

"ಉಳಿದವೆಲ್ಲಾ ಬರ್ತಾವ, ಇದೊಂದ ಬರವಲ್ದು ನೋಡ್ರಿ," ಎಂದು ಫಕ್ಕೀರವ್ವ ರಿಮೋಟನ್ನು ಸೆರಗಿನಿಂದ ಒರೆಸಿ ಮತ್ತೊಮ್ಮೆ ಒತ್ತಿದಳು. ಪರದೆ ನೀಲಿಯಾಗಿ, ಸಿಗ್ನಲ್ ಇಲ್ಲ ಎಂಬ ಸಾಲು ಮೂಡಿತು. ಮುಂದಿನ ನಂಬರಿಗೆ ಹೋದರೆ ಯಾರೋ ಒಗ್ಗರಣೆ ಹಾಕುತ್ತಿದ್ದರು, ಅದರಾಚೆ ಸುದ್ದಿ, ಅದರಾಚೆ ಕ್ರಿಕೆಟ್. 'ಗದುಗಿನ ದನಿ ಎಚ್‌ಡಿ' ಮಾತ್ರ ಮಧ್ಯಾಹ್ನದಿಂದ ಮುಖ ತೋರಿಸಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ನಾಲ್ಕಕ್ಕೆ ಅದರಲ್ಲಿ ಆಕೆಯ ಗಂಡ ಪುಂಡಲೀಕಪ್ಪನ ಹಾಡಿಕೆ ಬರುವುದಿತ್ತು.

ಹೊಂಬಳದ ಮಠದಲ್ಲಿ ಅವನು ಪುರಾಣದ ಪದ್ಯ ಹಾಡತೊಡಗಿ ಇಪ್ಪತ್ತೆಂಟು ವರ್ಷ. ಶ್ರಾವಣದಲ್ಲಿ ದಿನಾಲೂ, ಉಳಿದಂತೆ ಅಮಾವಾಸ್ಯೆಗೊಮ್ಮೆ. ಅವನು ಹಾಡುವ ದಿನವೆಲ್ಲ ಫಕ್ಕೀರವ್ವನದು ಮಠದ ಹಿತ್ತಲಿನ ಒಲೆ. ಹಾಡುವವನ ಮನೆಯ ಹೆಂಗಸೇ ಪ್ರಸಾದದ ಹುಗ್ಗಿ ತಿರುವಬೇಕು, ಅದು ಅಲ್ಲಿಯ ರೂಢಿ. ಮಂಗಳಾರತಿಯ ಗಂಟೆ ಬಾರಿಸಿದ ಮೇಲೆ ಕೊಪ್ಪರಿಗೆ ಇಳಿಸಿ ಆಕೆ ಹೊರಗೆ ಬರುವಷ್ಟರಲ್ಲಿ ಗಂಡ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಎಲೆಯ ಮುಂದೆ ಕೂತಿರುತ್ತಿದ್ದ. ಹದಿನೈದು ದಿನದ ಹಿಂದೆ ಗದಗಕ್ಕೆ ಹೋಗಿ ರೆಕಾರ್ಡಿಂಗ್ ಮಾಡಿಸಿ ಬಂದಾಗ ಆಕೆ ಒಂದೇ ಮಾತು ಅಂದಿದ್ದಳು: "ನಿಮ್ಮ ದನಿ ನನಗ ಬಾಯಿಪಾಠ ಐತಿ. ಹಾಡೂವಾಗ ಮಾರಿ ಹ್ಯಾಂಗಿರತೈತಿ ಅನ್ನೂದ ಗೊತ್ತಿಲ್ಲ. ನೋಡಬೇಕು." ಅಂದಿನಿಂದ ದಿನಾಲೂ ಆ ನಂಬರು ಒತ್ತಿ, ಸುದ್ದಿ ಓದುವ ಹುಡುಗಿಯ ಮೂಗುಬೊಟ್ಟಿನ ಹರಳು ಎಣಿಸಿ, ಇಷ್ಟು ಚೊಕ್ಕ ಕಂಡರೆ ಸಾಕೆಂದು ಸಮಾಧಾನ ಪಟ್ಟಿದ್ದಳು.

"ಹೋಗ್ಲಿ ಬಿಡು," ಎಂದ ಪುಂಡಲೀಕಪ್ಪ. ತನ್ನನ್ನು ತಾನೇ ನೋಡುವುದೆಂದರೆ ಅವನಿಗೆ ಮೊದಲಿಂದ ನಾಚಿಕೆ. "ಆಮ್ಯಾಲ ಮೊಬೈಲಿನಾಗ ನೋಡಿದರಾತು."

"ಉಗುರಿನಷ್ಟು ಮಾರಿ ನೋಡಾಕ ಹದಿನೈದು ದಿನ ಕಾದಿಲ್ಲ ನಾ. ಜಾಸ್ಮಿನಗ ಫೋನ್ ಹಚ್ರಿ."

ಮಾಳಿಗೆಯ ಮೇಲೆ ಟಿ.ವಿ.ಯ ಡಿಶ್ ಛತ್ರಿ ಕೂಡಿಸಿದವಳು ಮುಳಗುಂದದ ಜಾಸ್ಮಿನ. ತಂದೆ ಮಕ್ತುಮಸಾಬನಿಂದ ಕೆಲಸ ಕಲಿತು, ಸುತ್ತಲಿನ ಊರುಗಳ ಮಾಳಿಗೆಗಳನ್ನೆಲ್ಲ ಹತ್ತಿ ಇಳಿಯುವವಳು. ಸ್ಪೀಕರಿಗೆ ಹಾಕಿದ ಫೋನಿನಲ್ಲಿ ಅವಳ ದನಿಗಿಂತ ಗಾಳಿಯೇ ಜೋರಾಗಿತ್ತು.

"ಕಾಕಾ, ನಾ ಸೊರಟೂರಾಗ ಒಂದ ಮಾಳಗಿ ಮ್ಯಾಲ ಅದೀನಿ. ನಾಕಕ್ಕ ಬರಾಕ ಆಗೂದಿಲ್ಲ. ಉಳಿದ ಚಾನೆಲ್ ಬರ್ತಾವಲ್ಲ?"

"ಬರ್ತಾವ."

"ಹಂಗಾರ ಛತ್ರಿ ಚೂರ ಹೊಳ್ಳೈತಿ. ಉಳಿದವು ಅಷ್ಟರಾಗ ಸುಧಾರಿಸಿಕೊಂಡ ಹೋಗ್ತಾವ. ಈ ಎಚ್‌ಡಿ ಭಾಳ ನಾಜೂಕ, ಒಂದ ಬೆರಳ ಸರದ್ರೂ ಸಿಟ್ಟ ಮಾಡತೈತಿ. ಛತ್ರಿಗೆ ಏನರ ಕಟ್ಟೀರೇನು?"

"ಛತ್ರಿಗೆ ಯಾರ ಏನ್ ಕಟ್ಟತಾರವಾ?" ಎಂದು ಪುಂಡಲೀಕಪ್ಪ ನಕ್ಕ. ಫಕ್ಕೀರವ್ವ ನಗಲಿಲ್ಲ.

"ಶಾವಗಿ ಕೋಲ..." ಎಂದಳು.

ಬೆಳಗ್ಗೆ ಪಕ್ಕದ ಮನೆಯ ಬೀರವ್ವನ ಜೊತೆ ಸೇರಿ ಶಾವಿಗೆ ಹೊಸೆದಿದ್ದಳು. ಒಣಗಿಸಲು ಕೋಲಿನ ಒಂದು ತುದಿಯನ್ನು ಮಾಳಿಗೆಯ ಗೋಡೆಗೆ, ಇನ್ನೊಂದನ್ನು ಛತ್ರಿಯಿಂದ ಮುಂದೆ ಚಾಚಿದ ಕಬ್ಬಿಣದ ಕೈಗೆ ಕೊಟ್ಟಿದ್ದಳು. "ಹೇಳಿ ಮಾಡಿಸಿದಂಗ ಇತ್ರಿ ಅದು. ಬಿಸಲೂ ಚಲೋ ಬೀಳತಿತ್ತು."

ಸೊರಟೂರಿನ ಮಾಳಿಗೆಯ ಮೇಲೆ ನಗು ತಡೆಯಲಾಗದೆ ಜಾಸ್ಮಿನ ಕೆಮ್ಮಿದಳು. "ಚಿಗವ್ವಾ, ಅರಬಿ ಒಣಗಹಾಕಿದವ್ರನ್ನ ನೋಡೇನಿ, ಆಡ ಕಟ್ಟಿದವ್ರನ್ನ ನೋಡೇನಿ. ಶಾವಗಿ ಹಾಕಿದವ್ರು ನೀವ ಮೊದಲ! ಕಾಕಾ, ಮ್ಯಾಲ ಹತ್ರಿ. ನಾ ಹೇಳಿದಂಗ ಮಾಡ್ರಿ."

ಪುಂಡಲೀಕಪ್ಪ ಮಾಳಿಗೆ ಏರಿ ಕೋಲನ್ನು ಹಗುರಾಗಿ ಎತ್ತಿ ಗೋಡೆಗೆ ಒರಗಿಸಿದ. ಛತ್ರಿ ತಾನಾಗಿ ತಿರುಗಿ ಮೊದಲಿನ ಜಾಗಕ್ಕೆ ಬರಲಿಲ್ಲ. ಫಕ್ಕೀರವ್ವ ಪಡಸಾಲೆಯಲ್ಲಿ ಟಿ.ವಿ. ಮುಂದೆ ಕೂತಳು. ಅವಳ ದನಿ ಮೇಲಿನವರೆಗೆ ಮುಟ್ಟುವಂಥದ್ದಲ್ಲ. ಅದಕ್ಕೆ ಬೀರವ್ವ ಬಂದು ಹೊಸ್ತಿಲಲ್ಲಿ ನಿಂತಳು. ಅವಳು ಕೂಗಿದರೆ ಬಸ್ ನಿಲ್ಲುತ್ತಿತ್ತು.

"ಎಡಕ್ಕ, ಕೂದಲೆಳಿಯಷ್ಟು," ಎಂದಿತು ಕಿಸೆಯಲ್ಲಿದ್ದ ಫೋನು. "ನಾಕ ಎಣಿಸೂತನಕ ನಿಲ್ರಿ. ಸೆಟ್‌ಟಾಪ್ ಪೆಟ್ಟಿಗಿಗೆ ವಿಚಾರ ಮಾಡಾಕ ಯಾಳೆ ಬೇಕು."

"ಬಂತೇನ?" ಎಂದ ಪುಂಡಲೀಕಪ್ಪ.

"ಇಲ್ಲೋ!" ಎಂದಳು ಬೀರವ್ವ.

"ಈಗ?"

"ಒಗ್ಗರಣಿಯವ್ನೂ ಹೋದ! ಇದ್ದದ್ದನ್ನೂ ಕಳದಿ ಪುಂಡಲೀಕ!"

ಬಲಕ್ಕೆ, ಚೂರು ಮೇಲಕ್ಕೆ, ಮತ್ತೆ ಎಡಕ್ಕೆ. ಬಿಸಿಲಿಗೆ ಕಾದ ಕಬ್ಬಿಣ ಅಂಗೈ ಚುರುಗುಟ್ಟಿಸುತ್ತಿತ್ತು. ನಾಲ್ಕಕ್ಕೆ ಮೂರು ನಿಮಿಷ ಇದ್ದಾಗ ಕೆಳಗಿಂದ ಕೂಗು ಎದ್ದಿತು: "ಬಂತೋ! ನಿಲ್ಲು! ಮೂಗುಬೊಟ್ಟು ಬಂತು!"

ಪುಂಡಲೀಕಪ್ಪ ಛತ್ರಿ ಬಿಗಿಯುವ ನಟ್ಟು ತಿರುವಿದ. ಅದು ಸುಮ್ಮನೆ ಗಿರಗಿರ ತಿರುಗಿತು, ಹಲ್ಲು ಸವೆದಿತ್ತು. ಕೈ ಬಿಟ್ಟ. "ಹೋತು!" ಕಲ್ಲು ಒತ್ತರಿಸಿಟ್ಟು ಬಿಟ್ಟ. "ಹೋತು!" ಕೊನೆಗೆ ಎರಡೂ ಕೈಯಿಂದ ಛತ್ರಿಯ ಅಂಚು ಹಿಡಿದು, ಎದೆ ಆನಿಸಿ ನಿಂತ.

"ಕಾಕಾ, ನಟ್ ಕೈ ಕೊಟ್ಟೈತಿ," ಎಂದಳು ಫೋನಿನಲ್ಲೇ ಎಲ್ಲ ಕೇಳಿಸಿಕೊಂಡ ಜಾಸ್ಮಿನ. "ನಾಳೆ ಮುಂಜಾನೆ ಹೊಸಾದು ತರ್ತೀನಿ. ಇವತ್ತ ನೀವ ನಟ್."

ಬೀರವ್ವ ಅಂಗಳಕ್ಕೆ ಬಂದಳು. "ನೀ ಕೆಳಗ ಬರ್ಬೇಕಂತೋ ಪುಂಡಲೀಕ, ತಾ ಮ್ಯಾಲ ಬಂದು ಹಿಡಕೋತಾಳಂತ ನಿನ್ನ ಹೆಂಡತಿ."

"ನನ್ನ ಮಾರಿ ನಾ ಏನ್ ನೋಡ್ಲಿ? ಆಕೀ ನೋಡ್ಲಿ ಅಂತ ಹೇಳು. ನಾ ಇಲ್ಲೆ ಆರಾಮ ಅದೀನಿ."

ಆರಾಮವೇನೂ ಇರಲಿಲ್ಲ. ಬೆವರು ಹುಬ್ಬಿನ ತುದಿಗೆ ಬಂದು ನಿಂತಿತ್ತು, ಒರೆಸಲು ಕೈ ಇರಲಿಲ್ಲ. ಕೆಳಗೆ ಸುದ್ದಿ ಮುಗಿದು ತಬಲಾದ ಸದ್ದು ಕೇಳಿತು. ಬೀರವ್ವ ಒಳಗೂ ಹೊರಗೂ ಓಡಾಡುತ್ತ ಖಬರು ಮುಟ್ಟಿಸತೊಡಗಿದಳು.

"ಅಂಗಿ ಬೆಳ್ಳಗ ಕಾಣತೈತಿ! ವಿಭೂತಿ ಮೂರೂ ಎಳಿ ಕಾಣತಾವ!"

"ನೀ ಕಣ್ಣ ಮುಚ್ಚಿ ಹಾಡ್ತಿಯಲ್ಲೋ! ಫಕ್ಕೀರಿ ಬಾಯಿ ಮ್ಯಾಲ ಕೈ ಇಟ್ಕೊಂಡ ಕುಂತಾಳ!"

"ಹುಬ್ಬ ಕುಣಿಸ್ತಿ! ಬಲಗಡೀದು ಒಂದ! ಅಯ್ಯ ನನ್ನವ್ವ!"

ಆಮೇಲೆ ಬೀರವ್ವ ಹೊರಗೆ ಬರಲಿಲ್ಲ. ಪುಂಡಲೀಕಪ್ಪ ಒಂದು ಸಲ "ಐತೇನ?" ಎಂದು ಕೂಗಿದ, ಉತ್ತರ ಬರಲಿಲ್ಲ. ಹೋಗಿಯೇ ಬಿಟ್ಟಿತೋ, ಇಷ್ಟು ಹೊತ್ತು ಸುಮ್ಮನೆ ನಿಂತೆನೋ ಎಂದು ಅಳುಕಾಯಿತು. ಎರಡಡಿ ಆಚೆ ಪಡಸಾಲೆಯ ಬೆಳಕಿಂಡಿ ಇತ್ತು, ಮೇಲೆ ತಗಡು ಮುಚ್ಚಿತ್ತು. ಛತ್ರಿ ಬಿಡದೆ ಒಂದು ಕಾಲು ಚಾಚಿ ಹೆಬ್ಬೆರಳಿನಿಂದ ತಗಡನ್ನು ಸರಿಸಿದ. ತಗಡು ಕರ್ರೆಂದು ಜರುಗಿತು. ಒಳಗಿನಿಂದ ಅವನ ದನಿಯೇ ಎದ್ದು ಬಂತು. ಅದರ ಬೆನ್ನಿಗೆ, ಅದೇ ಶ್ರುತಿಯಲ್ಲಿ, ಇನ್ನೊಂದು.

ಫಕ್ಕೀರವ್ವ ಹಾಡುತ್ತಿದ್ದಳು. ಗುನುಗುವುದಲ್ಲ, ಪದ್ಯದ ಒಂದೊಂದು ಅಕ್ಷರವೂ ತೊಳೆದಿಟ್ಟಂತೆ ಬರುತ್ತಿತ್ತು. ಮನೆಯಲ್ಲಿ ಆಕೆ ಹಾಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ನಾಲ್ಕನೆಯ ಸಾಲಿನ ಕೊನೆಯ ಮಾತಿಗೆ ಮುಂಚೆ ಅವನು ಒಂದು ಉಸಿರಿನಷ್ಟು ತಡೆಯುತ್ತಿದ್ದ. ಇಪ್ಪತ್ತೆಂಟು ವರ್ಷದಿಂದ ಹಿಮ್ಮೇಳದವರಿಗೆ ಅದನ್ನು ಹೇಳಿಕೊಟ್ಟು ಸೋತಿದ್ದ, ಟಿ.ವಿ.ಯಲ್ಲೂ ಅವರು ಎಂದಿನಂತೆ ಮುಂಚೆಯೇ ನುಗ್ಗಿಬಿಟ್ಟರು. ಫಕ್ಕೀರವ್ವ ನುಗ್ಗಲಿಲ್ಲ. ಆ ತಡೆಯ ಅಂಚಿನಲ್ಲಿ ನಿಂತಳು, ಅವನು ಎತ್ತಿಕೊಂಡ ಕ್ಷಣಕ್ಕೆ ಸರಿಯಾಗಿ ತಾನೂ ಎತ್ತಿಕೊಂಡಳು.

ಎರಡನೆಯ ಪದ್ಯ ಶುರುವಾಯಿತು. ಮಾಳಿಗೆಯ ಮೇಲೆ ಪುಂಡಲೀಕಪ್ಪ ಛತ್ರಿಯನ್ನು ಅಲುಗದಂತೆ ತಬ್ಬಿ, ಬೆಳಕಿಂಡಿಯತ್ತ ಕಿವಿ ಕೊಟ್ಟು ನಿಂತಿದ್ದ. ನಾಲ್ಕನೆಯ ಸಾಲು ಬಂದಾಗ ಬಾಯಿ ತೆರೆಯದೆ, ಕೆಳಗಿನವಳ ಜೊತೆಗೆ, ಅದೇ ಜಾಗದಲ್ಲಿ ಉಸಿರು ತೆಗೆದುಕೊಂಡ.