ದಿಮ್ಮಿ ಸಾಗಿಸುವ ರೈಲಿಗೆ ನಿಂಬೆಹಣ್ಣು

ಹೊನ್ನಾಳಿಗೆ ರೈಲು ಬಂದಿಲ್ಲ ಎಂದು ಗೊಣಗುವವರು ಒಮ್ಮೆ ನೇತ್ರಾವತಿಯ ಮನೆಗೆ ಬಂದು ನೋಡಬೇಕು. ಬಂದಿದೆ ಸ್ವಾಮಿ, ಬಂದು ಮುಂದಿನ ಕೋಣೆಯನ್ನೇ ನುಂಗಿ ಕೂತಿದೆ. ಅವಳ ಗಂಡ ಗುರುಬಸವರಾಜ್, ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟವನು, ಅಲ್ಲಿ ಹಲಗೆ ಹಾಸಿ, ಹಳಿ ಕೂರಿಸಿ, ಗೇಣುದ್ದದ ಗೂಡ್ಸ್ ಬೋಗಿಗಳನ್ನು ಓಡಿಸುತ್ತಾನೆ. ಎಲ್ಲವೂ ಮರ ಸಾಗಿಸುವ ಬೋಗಿಗಳೇ. ಎರಡೂ ಪಕ್ಕ ಗೂಟ, ನಡುವೆ ಬೇವಿನ ಕಡ್ಡಿ ಕತ್ತರಿಸಿ ಪೇರಿಸಿದ ದಿಮ್ಮಿ. ಕಿಟಕಿಯ ಕೆಳಗೆ ನ್ಯಾಮತಿ ಸ್ಟೇಷನ್, ಬಾಗಿಲ ಬಳಿ ಚನ್ನಗಿರಿ ಸಾಮಿಲ್. ದಿಮ್ಮಿಗಳು ನ್ಯಾಮತಿಯಿಂದ ಹೊರಟು, ಚನ್ನಗಿರಿ ಮುಟ್ಟಿ, ಇಳಿಯದೆ ಮತ್ತೆ ನ್ಯಾಮತಿಗೇ ಬರುತ್ತವೆ. ಚನ್ನಗಿರಿಗೆ ಈವರೆಗೆ ಒಂದು ಕಡ್ಡಿಯೂ ಸಿಕ್ಕಿಲ್ಲ.

ಇತ್ತ ನೇತ್ರಾವತಿಯ ಹೊಲಿಗೆ ಮಿಷನ್ ಜಗಲಿಯಲ್ಲಿ. ಇರಚಲು ಹೊಡೆದರೆ ಗಿರಾಕಿಗಳ ಬ್ಲೌಸು ಒದ್ದೆ. ಹಿಂದಿನ ತಿಂಗಳು ಮದುವೆ ಮನೆಯ ರೇಷ್ಮೆಗೆ ಕಲೆ ಬಿದ್ದು, ಅವರು ಉಳಿದ ಬಟ್ಟೆಯನ್ನೆಲ್ಲ ವಾಪಸ್ ಒಯ್ದಿದ್ದರು. ಇನ್ನೊಮ್ಮೆ ಹಾಗಾದರೆ ಅವಳ ಹೆಸರು ಕೆಟ್ಟಂತೆಯೇ. ಕೋಣೆ ಬಿಡಿ ಎಂದರೆ ಗಂಡನ ಉತ್ತರ ಸಿದ್ಧ: ಸ್ಟೇಷನ್ ಕಿತ್ತು ಯಾರಾದರೂ ಟೈಲರ್ ಅಂಗಡಿ ಇಡುತ್ತಾರೆಯೇ? ಆಟದ ಸಾಮಾನು ಎಂದರಂತೂ ಮುಗಿಯಿತು, ವಾರವಿಡೀ ಮುಖ ಗಂಟು. ಅದು ಖರೇ ರೈಲಂತೆ, ಗಾತ್ರ ಮಾತ್ರ ಸಣ್ಣದಂತೆ.

ಆಯುಧಪೂಜೆಗೆ ಜಗಳೂರಿನಿಂದ ಅವಳ ತಾಯಿ ದುರುಗಕ್ಕ ಬಂದಳು. ಬೈಕಿಗೆ ಪೂಜೆಯಾಯಿತು, ಮಿಷನ್ನಿಗೆ ಹೂವಾಯಿತು, ನೆರೆಹೊರೆಯವರು ಮಂಡಕ್ಕಿಗೆ ಬಂದು ಕೂತರು. ಪಾಪ, ರೈಲೊಂದು ಉಳಿದೇ ಹೋಯಿತಲ್ಲ ಎಂದು ನೇತ್ರಾವತಿ ತಾಯಿಯ ಕಿವಿಯಲ್ಲಿ ಊದಿದಳು. ದುರುಗಕ್ಕ ನಿಂಬೆಹಣ್ಣು ಹಿಡಿದು ನೇರ ಕೋಣೆಗೆ ನಡೆದಳು.

"ಅಳಿಯಂದ್ರೇ, ಚಕ್ರ ಐತೆ ಅಂದ್ಮೇಲೆ ನಿಂಬೆಹಣ್ಣು ತುಳಿಸ್ಲೇಬೇಕು. ಆಟದ ಸಾಮಾನಾದ್ರೆ ಬಿಡ್ರಿ, ಅಟ್ಟಕ್ಕೆ ಹಾಕಾನ."

ಬಾಗಿಲ ತುಂಬ ಜನ. ನಿಂಬೆಹಣ್ಣೋ ಬೋಗಿಗಿಂತ ದಪ್ಪ. ಈಗ ಗಂಡ ಆಟದ ಸಾಮಾನು ಎಂದು ಒಪ್ಪಿಕೊಳ್ಳಲೇಬೇಕು, ಕೋಣೆ ತನ್ನದೇ ಎಂದು ನೇತ್ರಾವತಿ ಒಳಗೊಳಗೇ ಹಿಗ್ಗಿದಳು. ಪುಣ್ಯಾತ್ಮ ಒಪ್ಪಲಿಲ್ಲ. ಹಣ್ಣನ್ನು ತಾನೇ ಹಳಿಯ ಮೇಲಿಟ್ಟ, ಕೈಮುಗಿದ, ಸ್ವಿಚ್ ಒತ್ತಿದ.

ಎಂಜಿನ್ ಹಣ್ಣಿಗೆ ಮೂತಿ ಗುದ್ದಿ ಮಗುಚಿತು. ಹಿಂದಿನ ಬೋಗಿಗಳು ಒಂದರ ಮೇಲೊಂದು ಹತ್ತಿ ನೆಲಕ್ಕುರುಳಿದವು. ಗೂಟಗಳು ಮುರಿದು ದಿಮ್ಮಿಗಳು ಕೋಣೆಯೆಲ್ಲ ಚೆಲ್ಲಾಡಿದವು. ನಿಂಬೆಹಣ್ಣಿಗೆ ಒಂದು ಗೀರೂ ಆಗಲಿಲ್ಲ.

"ಹೋಗ್ಲಿ ಬಿಡ್ರಿ, ದೃಷ್ಟಿ ಹೋತು," ಎಂದು ದುರುಗಕ್ಕ ಸಮಾಧಾನ ಹೇಳಿದಳು.

ಗುರುಬಸವರಾಜ್ ಮಂಡಿಯೂರಿ ಕಡ್ಡಿ ಆಯತೊಡಗಿದ. ನೇತ್ರಾವತಿಗೆ ಅಯ್ಯೋ ಪಾಪ ಅನಿಸಿತು. ಥೂ, ಎಂಥ ಕೆಲಸ ಮಾಡಿದೆ ಎಂದು ತನ್ನ ಮೇಲೇ ಸಿಟ್ಟು ಬಂತು. ಕೋಣೆಯೂ ಬೇಡ, ಏನೂ ಬೇಡ ಎಂದು ಹೇಳುವುದರಲ್ಲಿದ್ದಳು. ಅಷ್ಟರಲ್ಲಿ ಅವನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಸಾರಿದ: ಇದು ಅಪಘಾತದ ಜಾಗ, ತನಿಖೆ ಮುಗಿಯುವವರೆಗೆ ಇಲ್ಲಿಂದ ಯಾರೂ ಏನನ್ನೂ ಅಲುಗಿಸುವಂತಿಲ್ಲ. ಎಷ್ಟು ದಿನ ಎಂದು ಅವಳು ಕೇಳಿದ್ದಕ್ಕೆ, ರೈಲ್ವೆ ತನಿಖೆ, ವರ್ಷಗಟ್ಟಲೆ ಹಿಡಿಯುತ್ತದೆ ಎಂದ.

ಅವಳ ಕನಿಕರ ಅಲ್ಲಿಗೇ ಆರಿತು. ಸೆರಗು ಸಿಕ್ಕಿಸಿ ಹೊರಗೆ ಹೋದಳು, ಮಿಷನ್ನನ್ನು ದರದರ ಎಳೆದು ತಂದು ಕೋಣೆಯೊಳಗೆ ನಿಲ್ಲಿಸಿದಳು.

"ತನಿಖೆ ಮಾಡ್ರಿ, ಬ್ಯಾಡ ಅನ್ನಲ್ಲ. ಕಣ್ಣಾರೆ ಕಂಡ ಸಾಕ್ಷಿ ಬೇಕಲ್ಲ? ಅದು ಮುಗಿಯೋಗಂಟ ನಾನು ಇಲ್ಲೇ ಕುಂತು ಹೊಲೀತೀನಿ."

ಖರೇ ರೈಲಿನ ಅಪಘಾತಕ್ಕೆ ಸಾಕ್ಷಿ ಬೇಡ ಎನ್ನುವುದಾದರೂ ಹೇಗೆ? ಗುರುಬಸವರಾಜ್ ಮಿಷನ್ನಿನ ಇನ್ನೊಂದು ತುದಿ ಹಿಡಿದು ಕಿಟಕಿಯ ಬೆಳಕಿಗೆ ಸರಿಸಿಕೊಟ್ಟ.