ಮೊದಲ ಸಾಲಿನ ಜಾಗ

ಶುಕ್ರವಾರ ಮಧ್ಯಾಹ್ನ. ಒಳಗೆ ಪೆಸ್ಯಾ ಸಂಜೆಗೆ ಶುರುವಾಗುವ ಸಬ್ಬತ್ತಿನ, ಅಂದರೆ ನಮ್ಮ ಯೆಹೂದಿಗಳ ವಾರದ ವಿಶ್ರಾಂತಿ ದಿನದ, ಊಟಕ್ಕೆ ಮೀನು ಕೊಚ್ಚುತ್ತಿದ್ದಳು. ನಡುಮನೆಯಲ್ಲಿ ಅವಳ ಗಂಡ ಯೆರುಹಾಮ, ಮರುದಿನ ಸಭಾಮಂದಿರದಲ್ಲಿ ಓದಬೇಕಾದ ಪ್ರವಾದಿ ಆಮೋಸನ ಮಾತುಗಳನ್ನು ರಾಗವಾಗಿ ಹೇಳಿಕೊಳ್ಳುತ್ತಿದ್ದ. ಅವನ ಕಂಠಕ್ಕೆ ಊರೇ ಮರುಳು. ಧರ್ಮಗುರುಗಳಾದ ರಬ್ಬಿಗಳ ವಂಶ, ಸಭಾಮಂದಿರದಲ್ಲಿ ಗಣ್ಯರಿಗೇ ಮೀಸಲಾದ ಪೂರ್ವದ ಗೋಡೆಗೆ ಒರಗುವ ಪೀಠ, ಶವಸಂಸ್ಕಾರ ಸಂಘದ ಯಜಮಾನಿಕೆ. ಇವುಗಳ ಜೊತೆಗೆ ಆ ಕಂಠವೂ ಸೇರಿ ಅವನ ಕತ್ತು ಬಾಗುವುದನ್ನೇ ಮರೆತಿತ್ತು.

ವಿಲಿಯಾ ನದಿಯ ದಂಡೆಯ ನಮ್ಮ ಊರಿನಲ್ಲಿ ವಂಶವಂತರು ಮುಂದೆ ಕೂರಬೇಕು. ದರ್ಜಿ, ಚಮ್ಮಾರ, ಒಲೆ ಕಟ್ಟುವವರು ಬಾಗಿಲ ಬಳಿ ನಿಲ್ಲಬೇಕು. ಸತ್ತ ಮೇಲಾದರೂ ಬಿಡುಗಡೆ ಉಂಟೇ? ಸ್ಮಶಾನದಲ್ಲಿಯೂ ದೊಡ್ಡವರಿಗೆ ದಿನ್ನೆಯ ಮೇಲಿನ ಮೊದಲ ಸಾಲು. ಕೈಕಸುಬಿನವರಿಗೆ ಬೇಲಿಯ ಪಕ್ಕದ ತಗ್ಗು. ಹಿಮ ಕರಗಿದಾಗ ಅಲ್ಲಿ ನೀರು ನಿಲ್ಲುತ್ತದೆ.

ಯೆರುಹಾಮನ ಒಬ್ಬಳೇ ಮಗಳು ಬ್ರಾಯ್ನಾ, ಮನೆಯ ಒಲೆ ಕಟ್ಟಲು ಬಂದಿದ್ದ ಝವೆಲನನ್ನು ಮದುವೆಯಾಗಿದ್ದಳು. ಆ ದಿನ ಯೆರುಹಾಮ ಅಂಗಿ ಹರಿದುಕೊಂಡು ನೆಲದ ಮೇಲೆ ಕೂತು, ಬದುಕಿದ್ದ ಮಗಳಿಗೆ ಸೂತಕ ಆಚರಿಸಿದ. ಸಂತೆಯಲ್ಲಿ ಮಗಳು ಎದುರಾದಾಗ ಗಂಡನಿಗೆ ಹೆದರಿ ಪೆಸ್ಯಾಳೂ ಮುಖ ತಿರುಗಿಸಿದ್ದಳು. ಆ ನೆನಪು ಅವಳನ್ನು ಗೆದ್ದಲಿನಂತೆ ಒಳಗೇ ತಿನ್ನುತ್ತಿತ್ತು.

ಬಾಗಿಲಲ್ಲಿ ಝವೆಲನ ನೆರೆಯವಳೊಬ್ಬಳು ಬಂದು ನಿಂತಳು. "ಪೆಸ್ಯಕ್ಕಾ, ಬ್ರಾಯ್ನಾಗೆ ಹೆರಿಗೆ ಕಷ್ಟ ಆಗಿದೆ. ಅಮ್ಮ ಅಮ್ಮ ಅಂತ ಒಂದೇ ಸಮ ಕನವರಿಸ್ತಿದ್ದಾಳೆ."

ಯೆರುಹಾಮ ಪುಸ್ತಕದಿಂದ ಕಣ್ಣೆತ್ತಲಿಲ್ಲ. "ಯಾರಮ್ಮ? ಈ ಮನೇಲಿ ಹೆತ್ತೋರು ಯಾರೂ ಇಲ್ಲ."

ಪೆಸ್ಯಾ ಕೈಗಂಟಿದ ಮೀನಿನ ಪೊರೆಯನ್ನೂ ತೊಳೆಯದೆ ಹೊರಟುಬಿಟ್ಟಳು. ಅವಳು ತಲುಪುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತ್ತು. ರಕ್ತ ಮಾತ್ರ ನಿಂತಿರಲಿಲ್ಲ. ಬ್ರಾಯ್ನಾ ತಾಯಿಯ ಕೈ ಹಿಡಿದು, "ಬಂದ್ಯಾ?" ಎಂದಳು. ಅಷ್ಟೇ. ಸಬ್ಬತ್ತಿನ ದೀಪ ಹಚ್ಚುವ ಮೊದಲೇ ಆ ಕೈ ತಣ್ಣಗಾಯಿತು. ಸಬ್ಬತ್ತಿನಲ್ಲಿ ಹೂಳುವಂತಿಲ್ಲ, ಭಾನುವಾರದವರೆಗೆ ಕಾಯಬೇಕು.

ಮನೆಗೆ ಬಂದು ಪೆಸ್ಯಾ ಗಂಡನನ್ನು ಕೇಳಿದಳು: "ಎಲ್ಲಿ ಹೂಳ್ತೀರಿ?"

"ಒಲೆಯೋರ ಹೆಂಡತಿ. ಬೇಲಿ ಪಕ್ಕ."

"ನಿಮ್ಮ ರಕ್ತ ಅಲ್ವಾ ಅದು?"

"ಪದ್ಧತಿ ನಾನು ಮಾಡಿದ್ದಲ್ಲ, ಮುತ್ತಜ್ಜಂದಿರು ಮಾಡಿದ್ದು. ಇವತ್ತು ಒಬ್ಬಳಿಗೆ ಸಡಿಲ ಬಿಟ್ರೆ, ನಾಳೆ ಚಮ್ಮಾರ ಬಂದು ನನ್ನ ಮಗ್ಗುಲಲ್ಲಿ ಮಲಗ್ತಾನೆ."

"ಈ ಊರಿನ ಹೆಣ್ಣುಹೆಣಗಳನ್ನೆಲ್ಲ ತೊಳೆದಿರೋಳು ನಾನು," ಎಂದಳು ಪೆಸ್ಯಾ. "ರಬ್ಬಿ ಹೆಂಡತೀನೂ ತೊಳೆದಿದ್ದೀನಿ, ನೀರು ಹೊರೋಳನ್ನೂ ತೊಳೆದಿದ್ದೀನಿ. ವಂಶ ಅನ್ನೋದು ಯಾರ ಮೈಮೇಲೂ ಬರೆದಿರಲಿಲ್ಲ."

"ಹೆಂಗಸಿಗ್ಯಾಕೆ ಶಾಸ್ತ್ರ? ಹೋಗಿ ಮಲಕ್ಕೋ."

ಮರುದಿನ ಬೆಳಿಗ್ಗೆ ಸಭಾಮಂದಿರ ತುಂಬಿತ್ತು. ಇನ್ನೇನು ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಹೊರತೆಗೆಯಬೇಕು, ಅಷ್ಟರಲ್ಲಿ ಪೆಸ್ಯಾ ಹೆಂಗಸರ ಅಟ್ಟದಿಂದ ಇಳಿದು, ಗಂಡಸರ ನಡುವೆ ಹಾದು, ಸುರುಳಿಯ ಪೆಟ್ಟಿಗೆಯ ಮುಂದೆ ನಿಂತಳು. ಅನ್ಯಾಯವಾದವರು ಯಾರೇ ಆಗಲಿ, ತೀರ್ಪು ಸಿಗುವವರೆಗೆ ಓದು ತಡೆಯಬಹುದೆಂಬ ಹಳೆಯ ಹಕ್ಕೊಂದು ನಮ್ಮಲ್ಲಿದೆ. ಎಷ್ಟೋ ಕಾಲದಿಂದ ಅದನ್ನು ಯಾರೂ ಬಳಸಿರಲಿಲ್ಲ.

"ಓದು ನಿಲ್ಲಿಸ್ತಿದ್ದೀನಿ," ಎಂದಳು.

ಪೂರ್ವದ ಗೋಡೆಯಿಂದ ಯಾರೋ ಕೂಗಿದರು: "ಯೆರುಹಾಮ್ ಯಜಮಾನ್ರೇ, ನಿಮ್ಮ ಹೆಂಡತೀನ ಮನೆಗೆ ಕರಕೊಂಡು ಹೋಗಿ."

"ಹಕ್ಕು ಅವಳದು, ಮಾತಾಡಲಿ," ಎಂದರು ವೃದ್ಧ ರಬ್ಬಿ. ಆಮೇಲೆ ಯೆರುಹಾಮನ ಕಡೆ ತಿರುಗಿ, "ಅದಕ್ಕೂ ಮೊದಲು ಒಂದು ಮಾತು. ನಿನ್ನ ಮಗಳ ಹೆಣ ಇನ್ನೂ ಮಣ್ಣಾಗಿಲ್ಲ. ಇವತ್ತು ಪ್ರವಾದಿ ಪಾಠ ನೀನು ಓದೋದು ಸರಿಯಲ್ಲ," ಎಂದರು.

ಯೆರುಹಾಮ ಎದ್ದು ನಿಂತ. "ನನಗೆ ಮಗಳಿಲ್ಲ. ನಾನು ಓದ್ತೀನಿ."

ಬಾಗಿಲ ಬಳಿ ನಿಂತಿದ್ದ ಝವೆಲ ಮುಖ ಮುಚ್ಚಿಕೊಂಡ.

"ಕೇಳಿದ್ರಾ?" ಎಂದಳು ಪೆಸ್ಯಾ. "ಆಮೋಸನ ಮಾತು ಓದೋಕೆ ಮಗಳನ್ನೇ ಇಲ್ಲ ಅಂದ್ರು. ಆ ಆಮೋಸ ಯಾರು? ನಾನು ಪ್ರವಾದಿ ವಂಶದೋನಲ್ಲ, ದನ ಕಾಯೋನು ಅಂತ ಅವನೇ ಹೇಳ್ಕೊಂಡ. ನೀವೊಬ್ರೇ ದೇವರ ಮುದ್ದಿನ ಮಕ್ಕಳಲ್ಲ, ಬೇರೆ ಜನಾನೂ ಆ ದೇವರೇ ಕೈಹಿಡಿದು ನಡೆಸಿದ್ದು ಅಂತ ಅರಮನೆಯೋರ ಮುಖದ ಮೇಲೇ ಹೇಳ್ದ. ಇವತ್ತು ಅವನು ಬಂದ್ರೆ ಎಲ್ಲಿ ನಿಲ್ಲಿಸ್ತೀರಿ? ಬಾಗಿಲ ಹತ್ತಿರ. ಸತ್ರೆ ಎಲ್ಲಿ ಹೂಳ್ತೀರಿ? ಬೇಲಿ ಪಕ್ಕ. ರಾಗ ಮಾತ್ರ ಚೆನ್ನಾಗಿ ಕಲ್ತಿದ್ದೀರಿ."



"ಏನು ಬೇಕಮ್ಮಾ ನಿನಗೆ?" ರಬ್ಬಿ ಕೇಳಿದರು.

"ಸ್ಮಶಾನದ ಮೊದಲ ಸಾಲಲ್ಲಿ ಇವರ ಪಕ್ಕ ನನಗೊಂದು ಜಾಗ ಇಟ್ಟಿದ್ದಾರೆ. ಅದು ಬ್ರಾಯ್ನಾಗೆ. ನನ್ನನ್ನ ಬೇಲಿ ಹತ್ತಿರ ಹಾಕಿ. ನಾನು ತೊಳೆದು ಕಳಿಸಿದ ಎಷ್ಟೋ ಹೆಂಗಸರು ಅಲ್ಲಿದ್ದಾರೆ, ನನಗೆ ಹೊಸಬರಲ್ಲ."

"ಸಂಘ ಒಪ್ಪಲ್ಲ," ಎಂದ ಯೆರುಹಾಮ.

ಅಷ್ಟರಲ್ಲಿ ಅಟ್ಟದ ಮೇಲಿಂದ, ಪೂರ್ವದ ಗೋಡೆಯವರ ಮನೆತನಕ್ಕೇ ಸೇರಿದ ಮುದುಕಿಯೊಬ್ಬಳ ದನಿ ಬಂತು: "ನನ್ನನ್ನೂ ಬೇಲಿ ಪಕ್ಕಾನೇ ಹಾಕಿ. ಪೆಸ್ಯಾ ಇದ್ದಲ್ಲಿ ಮಾತಿಗಾದ್ರೂ ಜೊತೆ ಆಗತ್ತೆ." ಹಿಂದೆಯೇ ಇನ್ನೊಂದು ದನಿ, ಮತ್ತೊಂದು. ಕೆಳಗೆ ಗಂಡಸರು ತಲೆ ಎತ್ತಿ ತಮ್ಮ ತಮ್ಮ ಹೆಂಡಿರನ್ನು ಹುಡುಕಿದರು.

ರಬ್ಬಿ ಗಡ್ಡ ನೀವುತ್ತ ಯೆರುಹಾಮನ ಕಡೆ ತಿರುಗಿದರು. "ಜಾಗ ಅವಳದು," ಎಂದರು ಕೊನೆಗೆ. "ಯಾರಿಗೆ ಬೇಕಾದ್ರೂ ಕೊಡಬಹುದು. ಈ ಪದ್ಧತೀನ ನಾನು ಮೊದಲೇ ಪ್ರಶ್ನೆ ಮಾಡ್ಬೇಕಿತ್ತು."

"ಹಾಗಾದ್ರೆ ನನ್ನ ಪಕ್ಕ..." ಯೆರುಹಾಮನ ಮಾತು ಅಲ್ಲಿಗೇ ತಡವರಿಸಿತು.

"ನಿಮ್ಮ ಪಕ್ಕ ಒಲೆ ಕಟ್ಟೋನ ಹೆಂಡತಿ ಮಲಗ್ತಾಳೆ," ಎಂದಳು ಪೆಸ್ಯಾ. "ಬೇಡ ಅಂದ್ರೆ ಬೇಲಿ ಹತ್ತಿರ ಬೇಕಾದಷ್ಟು ಜಾಗ ಇದೆ, ಬನ್ನಿ."

ಆಮೇಲೆ ಅವಳು ಪಕ್ಕಕ್ಕೆ ಸರಿದಳು. ಸುರುಳಿ ಹೊರಬಂತು. ಆಮೋಸನ ಪಾಠವನ್ನು ಓದಿದವರು ರಬ್ಬಿ, ರಾಗವಿಲ್ಲದೆ, ಮುದಿ ದನಿಯಲ್ಲಿ. ಅಂದು ಜನ ಅದರ ಅರ್ಥ ಕೇಳಿಸಿಕೊಂಡರು.

ಭಾನುವಾರ ಪೆಸ್ಯಾ ಮಗಳನ್ನು ತಾನೇ ತೊಳೆದಳು, ಬಿಳಿ ಬಟ್ಟೆ ಉಡಿಸಿದಳು. ದರ್ಜಿಗಳು, ಚಮ್ಮಾರರು, ಝವೆಲನ ಜೊತೆ ಒಲೆ ಕಟ್ಟುವವರು ಹೆಗಲು ಕೊಟ್ಟು ಅವಳನ್ನು ದಿನ್ನೆ ಹತ್ತಿಸಿದರು. ಯೆರುಹಾಮ ಬರಲಿಲ್ಲ. ಮಣ್ಣು ಹಾಕಿ ಮುಗಿದ ಮೇಲೆ, "ಪೆಸ್ಯಕ್ಕಾ, ಮನೆಗೆ ಬಿಟ್ಟು ಬರ್ಲಾ?" ಎಂದು ನೆರೆಯವಳು ಕೇಳಿದಳು.

"ಮಗು ಹಸಿದಿರತ್ತೆ," ಎಂದು ಪೆಸ್ಯಾ ಝವೆಲನ ಓಣಿಯ ಕಡೆ ಹೆಜ್ಜೆ ಹಾಕಿದಳು.