ಎರಡು ನೂಲು ಕಡಿಮೆ

ಪೊರಕೆಗೆ ಸಿಕ್ಕಿಕೊಂಡ ಮರದ ಸುರುಳಿಗಳನ್ನು ಬಿಡಿಸಿ ಬಿಡಿಸಿ ಅವಳ ಬೆರಳು ಸೋತಿದ್ದವು. ಜನ ಬಂದು ಕೂರಬೇಕಲ್ಲ, ಬಡಗಿ ಗಂಡ ಕೆಲಸ ಮಾಡುತ್ತಿದ್ದ ಕೊಠಡಿಯಷ್ಟು ದೊಡ್ಡ ಜಾಗ ಮನೆಯಲ್ಲಿ ಬೇರೆ ಇರಲಿಲ್ಲ. ಬಡಗಿ ಮಾತ್ರ ಒಳಗಿನ ಕೋಣೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದ.

"ಕೊಡಮ್ಮ ಪೊರಕೆ. ಇವತ್ತಾದ್ರೂ ಕೂತ್ಕೋ," ಎಂದಳು ಮಗಳು.

"ಕೂತ್ರೆ ಏಳೋಕಾಗಲ್ಲ ಕಣೇ. ನಿಮ್ಮತ್ತೆ ಬರ್ತಾಳಂತಾ?"

"ಫೋನ್ ಎತ್ತಿದ್ರು. 'ಅಣ್ಣ ಹೋದ್ನಾ' ಅಂದ್ರು. ಇಟ್ಬಿಟ್ರು."

ಅವಳು ಮತ್ತೆ ಗುಡಿಸತೊಡಗಿದಳು. ಗುಡಿಸಿದಷ್ಟೂ ಸುರುಳಿ ಬರುತ್ತಲೇ ಇತ್ತು.

* * *

ಹತ್ತು ವರ್ಷದ ಹಿಂದೆ ಅವಳ ಅತ್ತೆ, ಬಡಗಿಯ ತಾಯಿ, ತೀರಿಕೊಂಡಾಗ ಉಳಿದದ್ದು ಒಂದೇ ಒಂದು ದುಂಡು ಮೇಜು. ಮೂರು ಕಾಲಿನದು, ಮುತ್ತಜ್ಜನ ಕೈಯದು. ಅಣ್ಣನಿಗೂ ಬೇಕು, ತಂಗಿಗೂ ಬೇಕು. ಬಡಗಿ ಅದೇ ಜಾತಿಯ ಹಳೆ ಮರ ಹುಡುಕಿ ತಂದ. ನಾಲ್ಕು ತಿಂಗಳು ಕೂತು, ಯಂತ್ರ ಮುಟ್ಟಿಸದೆ, ಬರೀ ಉಳಿ ಗರಗಸದಲ್ಲಿ ಅದರ ತದ್ರೂಪು ತೆಗೆದ. ಮೇಲಿದ್ದ ಬಿಸಿ ಲೋಟದ ಕಲೆಯನ್ನೂ ಬಿಡಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೆಂಡತಿಗೇ ಗುರುತು ಸಿಗಲಿಲ್ಲ.

ಒಂದು ತಂಗಿಯ ಮನೆಗೆ ಹೋಯಿತು. ಮೂರನೇ ದಿನ ಅವಳು ಕೈಯಲ್ಲೊಂದು ದಾರ ಹಿಡಿದು ಬಂದಳು.

"ಈ ಕಡೆಯಿಂದ ಆ ಕಡೆಗೆ ಸರಿ ಇದೆ. ಅಡ್ಡ ಅಳೆದ್ರೆ ಎರಡು ನೂಲು ಕಡಿಮೆ, ಕಾಲು ಇಂಚು. ಮುತ್ತಜ್ಜನ ಕೈ ಹೀಗೆ ತಪ್ಪುತ್ತಾ? ನಾನೂ ಬಡಗಿ ಮನೆಯವಳೇ ಅಣ್ಣ. ನೀನು ಕೆಡಿಸಿದ್ದನ್ನ ನನಗೆ ದಾಟಿಸಿದ್ಯ."

"ನಿನಗೆ ಕೊಟ್ಟಿದ್ದೇ ಅಮ್ಮಂದು," ಎಂದ. ಮುಖ ಕೆಂಪಾಯಿತು. ಇನ್ನೊಂದು ಮಾತು ಹೊರಡುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು. ಆಮೇಲೆ ಫೋನ್ ಮಾಡಿದರೆ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದಳು.

ಆ ಕೆಂಪನ್ನು ಹೆಂಡತಿಯೂ ಸುಳ್ಳಿನ ಕೆಂಪೆಂದೇ ತಿಳಿದಳು. ಒಳಗೊಳಗೇ ಖುಷಿಪಟ್ಟಳು: ಅಸಲಿ ತಮ್ಮಲ್ಲೇ ಉಳಿಯಿತು. ಗಂಡನನ್ನು ಕೇಳಲಿಲ್ಲ. ವಾರ ಕಳೆದು ಅವನು ತಂಗಿಗೆ ಕಾಗದ ಬರೆದು, ಅಂಟಿಸಿ, ಅಂಚೆ ಡಬ್ಬಿಗೆ ಹಾಕು ಎಂದು ಕೊಟ್ಟಾಗ ಅವಳು ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಪ್ಪೊಪ್ಪಿಕೊಂಡು ಅಸಲಿ ಮೇಜು ಕೊಟ್ಟುಬಿಡುವ ಕಾಗದವೇ ಇರಬೇಕು! ಲಕೋಟೆ ಬಟ್ಟೆಪೆಟ್ಟಿಗೆಯ ತಳ ಸೇರಿತು.

"ಉತ್ತರ ಬಂತಾ?" ಎಂದು ಅವನು ಕೇಳುತ್ತಿದ್ದ.

"ಇಲ್ಲ" ಎನ್ನುತ್ತಿದ್ದಳು. ಎರಡು ವರ್ಷ ಕೇಳಿ, ಸುಮ್ಮನಾದ.

* * *

ಮಣ್ಣು ಮಾಡಿ ಬಂದವರು ಕೊಠಡಿಯಲ್ಲಿ ಕೂತರು. ಬಡಗಿಯ ಜೊತೆ ಮೂವತ್ತು ವರ್ಷ ದುಡಿದ ಪಾಲಿಶ್‌ನವನು ನೀರು ಕುಡಿದು ಲೋಟವನ್ನು ದುಂಡು ಮೇಜಿನ ಮೇಲಿಟ್ಟ.

"ಅದರ ಮೇಲೆ ಬೇಡಪ್ಪ, ನಮ್ಮತ್ತೇದು ಅದು," ಎಂದಳು.

"ಏನಕ್ಕಾ, ನಿಮ್ಮತ್ತೆ ಇದನ್ನ ಕಣ್ಣಲ್ಲೂ ನೋಡಿಲ್ಲ!" ಅವನು ಅಳುತ್ತಿದ್ದವನು ನಕ್ಕುಬಿಟ್ಟ. "ಇದು ನಮ್ಮ ಮೇಸ್ತ್ರಿ ಮಾಡಿದ್ದಲ್ವಾ? ಬಣ್ಣ ಕೂಡಿಸೋಕೆ ನನ್ನ ಉಗುರು ಸವೆದುಹೋಯ್ತು."

"ನೀನು ಹೇಗಪ್ಪ ಗುರುತು ಹಿಡೀತೀಯ?"

ಅವನು ಜೇಬಿನಿಂದ ಟೇಪ್ ತೆಗೆದು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆದ. "ನೋಡಿ, ಪೂರಾ ದುಂಡು. ಮರ ಎಳೆಗೆ ಅಡ್ಡವಾಗಿ ಕುಗ್ಗುತ್ತಕ್ಕಾ. ನೂರು ವರ್ಷ ಆದ್ರೆ ದುಂಡಿದ್ದದ್ದು ಮೊಟ್ಟೆ ಆಗುತ್ತೆ. ಹಳೇದು ಎರಡು ನೂಲು ಕಡಿಮೆ ಬರ್ಲೇಬೇಕು. ಮೇಸ್ತ್ರಿ ಇದನ್ನ, ಮುತ್ತಜ್ಜ ಮಾಡಿ ಮುಗಿಸಿದ ದಿನ ಹೇಗಿತ್ತೋ ಹಾಗೆ ಮಾಡಿದ್ದು. ನಿಮಗೆ ಹೇಳಿರ್ಲಿಲ್ವಾ?"

"ನಾನು ಕೇಳ್ಲಿಲ್ಲ," ಎಂದಳು.

ಲೋಟ ಅಲ್ಲೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ.

ಜನ ಚದುರಿದ ಮೇಲೆ ಪೆಟ್ಟಿಗೆಯ ತಳಕ್ಕೆ ಕೈಹಾಕಿದಳು. ಲಕೋಟೆಯ ಅಂಚು ಹಳದಿಗಟ್ಟಿತ್ತು, ಅಂಟು ಬಿಟ್ಟಿರಲಿಲ್ಲ. ಹಳೆಯ ಅಂಚೆಚೀಟಿಯ ಪಕ್ಕ ಇನ್ನೆರಡು ಅಂಟಿಸಿದಳು. ಲಕೋಟೆಯ ಬೆನ್ನಿನ ಮೇಲೆ ನಿಧಾನಕ್ಕೆ ಬರೆದಳು: ಅವರು ಅಂದೇ ಬರೆದದ್ದು. ತಡೆದವಳು ನಾನು. ಅತ್ತಿಗೆ.

"ಎಲ್ಲಿಗಮ್ಮ, ಈ ನೋಯೋ ಕಾಲಲ್ಲಿ?" ಎಂದಳು ಮಗಳು.

"ಇಲ್ಲೇ, ಬೀದಿ ತುದಿವರೆಗೆ."

ಡಬ್ಬಿಯ ಬಾಯಿ ಚಿಕ್ಕದು. ಮಣಿಕಟ್ಟಿನವರೆಗೂ ಕೈ ತೂರಿಸಿ, ಬೆರಳು ಬಿಟ್ಟಳು. ಕಾಗದ ತಳ ಮುಟ್ಟಿದ ಸದ್ದು ಕೇಳಿಸಿತು. ಕೈ ಹೊರಗೆಳೆಯುವಾಗ, ಬೆಳಗಿನಿಂದ ಮುಂಗೈಗೆ ಅಂಟಿಕೊಂಡಿದ್ದ ಮರದ ಸುರುಳಿಯೊಂದು ಡಬ್ಬಿಯ ತುಟಿಗೆ ತಗುಲಿ, ಗಾಳಿಗೆ ಅಲುಗುತ್ತಾ ಅಲ್ಲೇ ಉಳಿಯಿತು.